ಇಂಕೊನೆಲ್‌ನಲ್ಲಿ 200 ಮೈಕ್ರಾನ್ ತೂತು, ಸೈಜ್ ನಿಲ್ಲುತ್ತಿಲ್ಲ. ಇಸಿಎಂ (ಉಪ್ಪು ನೀರಲ್ಲಿ ಕರೆಂಟ್ ಹರಿಸಿ ಲೋಹ ಕರಗಿಸುವುದು) ಮಾಡಿದವರು ಅನುಭವ ಹೇಳಿ

ಕೇಳಿದವರು (ಪೀಣ್ಯ 2ನೇ ಹಂತ): ಇಂಕೊನೆಲ್ 718 (ನಿಕ್ಕಲ್ ಮಿಶ್ರಲೋಹ), 1 ಮಿಮೀ ಶೀಟು. ತೂತು 200 ಮೈಕ್ರಾನ್, ಪ್ಲಸ್ ಮೈನಸ್ 10. ಎಲೆಕ್ಟ್ರೋಲೈಟ್ ಸೋಡಿಯಂ ನೈಟ್ರೇಟ್ ನೀರು, 12 ವೋಲ್ಟ್, ಮಿಲಿಸೆಕೆಂಡ್ ಪಲ್ಸ್. ಟೂಲ್ 150 ಮೈಕ್ರಾನ್‌ನ ಟಂಗ್‌ಸ್ಟನ್ ಕಡ್ಡಿ, ಕೋಟಿಂಗ್ ಇಲ್ಲ. ಮೇಲೆ 290, ಕೆಳಗೆ 240 ಬರುತ್ತಿದೆ. ಕೈಯಲ್ಲಿರುವುದು ಸ್ವಲ್ಪ ದುಡ್ಡು. ಮೊದಲು ಯಾವುದಕ್ಕೆ ಹಾಕಲಿ? ಪಲ್ಸ್ ಸಪ್ಲೈಗಾ, ಟೂಲ್‌ಗಾ, ಎಲೆಕ್ಟ್ರೋಲೈಟ್‌ಗಾ?

ಬೊಮ್ಮಸಂದ್ರ, ಕಾರ್ಬೈಡ್ ಡೈ ಕೆಲಸ: ಎಲೆಕ್ಟ್ರೋಲೈಟ್ ಸಾರ್, ಬೇರೆ ಮಾತೇ ಇಲ್ಲ. ನಮ್ಮದು ಟಂಗ್‌ಸ್ಟನ್ ಕಾರ್ಬೈಡ್. ಬರೀ ನೈಟ್ರೇಟ್ ಹಾಕಿದರೆ ಕಾರ್ಬೈಡ್ ಕಣಗಳನ್ನು ಹಿಡಿದಿರುವ ಕೋಬಾಲ್ಟ್ ಕರಗಿ ಹೋಗುತ್ತದೆ, ಕಾರ್ಬೈಡ್ ಮೇಲೆ ಆಕ್ಸೈಡ್ ಪದರ ಕೂರುತ್ತದೆ. ಕಾಸ್ಟಿಕ್ ಸೋಡಾ ಜಾಸ್ತಿ ಮಾಡಿದರೆ ಕಾರ್ಬೈಡ್ ಕರಗುತ್ತದೆ, ಕೋಬಾಲ್ಟ್ ನಿಂತುಬಿಡುತ್ತದೆ. ಎರಡೂ ಸಮನಾಗಿ ಹೋಗುವಂತೆ ನೈಟ್ರೇಟ್ ಜೊತೆ ಕಾಸ್ಟಿಕ್ ಬೆರೆಸಿ ಸರಿಮಾಡುವಷ್ಟರಲ್ಲಿ ಪಾರ್ಟಿ ಕೊಟ್ಟಿದ್ದ ಬ್ಲಾಂಕ್‌ಗಳಲ್ಲಿ ಅರ್ಧ ಸ್ಕ್ರ್ಯಾಪ್. ಒಂದೊಂದಕ್ಕೆ 2,300 ರೂಪಾಯಿ ನಮ್ಮ ಬಿಲ್‌ನಲ್ಲೇ ಹಿಡಿದುಕೊಂಡರು. ಅದು ಇವತ್ತಿಗೂ ಉರಿಯುತ್ತದೆ.

ಆಮೇಲೆ ಬಿಸಿಯ ಕಾಟ. ಬೆಳಗ್ಗೆ ಒಂದು ಸೈಜ್, ಮಧ್ಯಾಹ್ನ ಇನ್ನೊಂದು ಸೈಜ್. ನೀರು 1 ಡಿಗ್ರಿ ಏರಿದರೆ ಕಂಡಕ್ಟಿವಿಟಿ ಹೆಚ್ಚುಕಡಿಮೆ 2 ಪರ್ಸೆಂಟ್ ಏರುತ್ತದೆ. ಏಪ್ರಿಲ್‌ನಲ್ಲಿ ತಗಡಿನ ಶೆಡ್ ಒಳಗೆ ಏನಾಗುತ್ತದೆ ಅಂತ ಲೆಕ್ಕ ಹಾಕಿ. ಚಿಲ್ಲರ್‌ಗೆ 52,000, ಆರ್‌ಒ ಪ್ಲಾಂಟ್‌ಗೆ 38,000, 1 ಮೈಕ್ರಾನ್ ಫಿಲ್ಟರ್ ಕಾರ್ಟ್ರಿಜ್‌ಗೆ ತಿಂಗಳು ತಿಂಗಳೂ ಖರ್ಚು. ಬೋರ್‌ವೆಲ್ ನೀರನ್ನು ಮಾತ್ರ ಟ್ಯಾಂಕಿಗೆ ಬಿಡಬೇಡಿ.

ಕಾಮಾಕ್ಷಿಪಾಳ್ಯ, ಪಲ್ಸ್ ಸಪ್ಲೈ ನಾನೇ ಕಟ್ಟಿದ್ದು: ಕಾರ್ಬೈಡ್ ಕಥೆ ಇವರಿಗೆ ಯಾಕೆ ಸ್ವಾಮಿ? ಮಿಲಿಸೆಕೆಂಡ್ ಪಲ್ಸ್ ಇಟ್ಟುಕೊಂಡು 10 ಮೈಕ್ರಾನ್ ಹಿಡಿಯುತ್ತೇನೆ ಅಂದರೆ ಯಾವ ಉಪ್ಪು ನೀರೂ ಕೈ ಹಿಡಿಯುವುದಿಲ್ಲ. ಬರ್ಲಿನ್‌ನ ಫ್ರಿಟ್ಸ್ ಹೇಬರ್ ಇನ್‌ಸ್ಟಿಟ್ಯೂಟ್‌ನವರು 2000ದಲ್ಲೇ ನ್ಯಾನೋಸೆಕೆಂಡ್ ಪಲ್ಸ್‌ನಲ್ಲಿ ತೋರಿಸಿದ್ದಾರೆ. ಲೋಹ ಕರಗಬೇಕಾದರೆ ಮೊದಲು ಡಬಲ್ ಲೇಯರ್ (ಲೋಹಕ್ಕೆ ನೀರು ತಾಗುವಲ್ಲಿನ ತೆಳು ಪದರ) ಚಾರ್ಜ್ ಆಗಬೇಕು. ಟೂಲ್‌ಗೆ ಹತ್ತಿರ ಇದ್ದ ಕಡೆ ಬೇಗ ಆಗುತ್ತದೆ, ದೂರ ಇದ್ದ ಕಡೆ ತಡ. ಅಷ್ಟರೊಳಗೆ ಪಲ್ಸ್ ನಿಲ್ಲಿಸಿದರೆ ದೂರದ ಗೋಡೆ ಹಾಗೇ ಉಳಿಯುತ್ತದೆ. ಓವರ್‌ಕಟ್, ಅಂದರೆ ತೂತು ಟೂಲ್‌ಗಿಂತ ಅಗಲ ಆಗುವುದು, ತಗ್ಗುವುದು ಹೀಗೆ.

ಹೊರಗಿನ ಸಪ್ಲೈಗೆ 6 ಲಕ್ಷದ 40 ಸಾವಿರ ಕೇಳಿದರು, ಜಿಎಸ್‌ಟಿ ಬೇರೆ. ಎಸ್.ಪಿ. ರೋಡಿಂದ ಮಾಸ್‌ಫೆಟ್ (ಕರೆಂಟನ್ನು ವೇಗವಾಗಿ ಆನ್ ಆಫ್ ಮಾಡುವ ಸ್ವಿಚ್), ಅದನ್ನು ನಡೆಸುವ ಗೇಟ್ ಡ್ರೈವರ್ ತಂದು ಕಟ್ಟಿದೆ. ಎಲ್ಲಾ ಸೇರಿ ಒಂದು ಲಕ್ಷದೊಳಗೆ ಮುಗಿಯಿತು, ಸೆಕೆಂಡ್ ಹ್ಯಾಂಡ್ ಆಸಿಲೋಸ್ಕೋಪ್ ಕೂಡ ಅದರಲ್ಲೇ. ತಂತಿ ಮಾತ್ರ ಗೇಣುದ್ದ ಮೀರಬಾರದು. ಉದ್ದ ಆದರೆ ಇಂಡಕ್ಟೆನ್ಸ್ ಪಲ್ಸ್‌ನ ಮೂಗನ್ನೇ ಕತ್ತರಿಸುತ್ತದೆ. ಸ್ಕ್ರೀನ್ ಮೇಲೆ ಚೌಕ ಕಾಣುವುದಿಲ್ಲ, ಗುಡ್ಡ ಕಾಣುತ್ತದೆ.

ಅಬ್ಬಿಗೆರೆ, ಮೈಕ್ರೋ ಇಡಿಎಂ (ಕಿಡಿ ಹಾರಿಸಿ ಲೋಹ ತೆಗೆಯುವ ಕೆಲಸ): ಇಬ್ಬರೂ ಸೇರಿ ಆ ಮನುಷ್ಯನನ್ನು ಮುಳುಗಿಸುತ್ತಿದ್ದೀರಿ. ನಮ್ಮ ಇಡಿಎಂನಲ್ಲಿ 200ರ ತೂತು ದಿನಾ ಬರುತ್ತದೆ. ಟೂಲ್ ಸವೆಯುತ್ತದೆ, ಒಪ್ಪುತ್ತೇನೆ. ಅದಕ್ಕೆ ಕಾಂಪೆನ್ಸೇಷನ್ ಇದೆ, ಸವೆದಷ್ಟನ್ನು ಸರಿದೂಗಿಸುತ್ತದೆ. ಈ ಉಪ್ಪು ನೀರಿನಿಂದ ನಮ್ಮ ಪಕ್ಕದ ಶೆಡ್ಡಿನವರ ಸ್ಲೈಡ್‌ವೇ ಎಲ್ಲಾ ತುಕ್ಕು. ಗ್ರಾನೈಟ್ ಬೆಡ್ ಒಂದು ಬಿಟ್ಟು ಏನೂ ಉಳಿಯಲಿಲ್ಲ.

ಕಾಮಾಕ್ಷಿಪಾಳ್ಯ: ರೀಕಾಸ್ಟ್ ಲೇಯರ್ ಬಗ್ಗೆ ಒಂದು ಮಾತೂ ಆಡಲಿಲ್ಲ ನೀವು. ಇಂಕೊನೆಲ್ ಅಂದರೆ ಬಹುಪಾಲು ಬಿಸಿ ಜಾಗದ ಪಾರ್ಟು. ಇಡಿಎಂ ಕರಗಿಸಿ ಹೆಪ್ಪುಗಟ್ಟಿಸಿದ ಆ ಪದರದಲ್ಲಿ ಸಣ್ಣ ಬಿರುಕು ಇರುತ್ತವೆ. ಅದೇ ಬೇಡ ಅಂತ ಜನ ಇಸಿಎಂಗೆ ಬರುವುದು. ಇಲ್ಲಿ ಬಿಸಿಯ ಏಟಿಲ್ಲ, ಅಂಚಿನಲ್ಲಿ ಬರ್ (ಚೂಪು ಸಿಪ್ಪೆ) ಇಲ್ಲ, ಲೋಹ ಎಷ್ಟೇ ಗಟ್ಟಿಯಿದ್ದರೂ ಲೆಕ್ಕಕ್ಕಿಲ್ಲ.

ಅಬ್ಬಿಗೆರೆ: ನಮ್ಮ ಪಾರ್ಟಿ ಮೈಕ್ರೋಸ್ಕೋಪ್ ಕೆಳಗೆ ಕಟ್ ಮಾಡಿ ನೋಡಿಯೇ ಪಾಸ್ ಮಾಡಿದ್ದಾರೆ. ನಿಮ್ಮದು 718ರಲ್ಲಿ ನಯೋಬಿಯಂ ಕಾರ್ಬೈಡ್ ಕಣಗಳನ್ನು ಕರಗಿಸದೆ ಹಾಗೇ ಬಿಟ್ಟುಬಿಡುತ್ತದಲ್ಲ, ಗೋಡೆ ತುಂಬಾ ಉಬ್ಬು ಉಬ್ಬು. ಅದನ್ನು ಯಾಕೆ ಹೇಳಲಿಲ್ಲ?

ರಾಜಾಜಿನಗರ, ಟೂಲ್ ರೂಮ್ ನಡೆಸುವವಳು: ಜಗಳ ಸಾಕು. ಕೇಳಿದ್ದು ಟೇಪರ್ ಬಗ್ಗೆ ಅಲ್ವಾ? ಮೇಲೆ 290, ಕೆಳಗೆ 240 ಅಂದರೆ ಟೂಲ್‌ನ ಪಕ್ಕದಿಂದ ಕರೆಂಟ್ ಸೋರುತ್ತಿದೆ. ತೂತಿನ ಬಾಯಿ ಹೆಚ್ಚು ಹೊತ್ತು ಕಡ್ಡಿಯ ಪಕ್ಕದಲ್ಲೇ ಇರುತ್ತದೆ, ಅದಕ್ಕೇ ಅಲ್ಲಿ ಜಾಸ್ತಿ ತಿನ್ನುತ್ತದೆ. ಕಡ್ಡಿಗೆ ಸುತ್ತ ಇನ್ಸುಲೇಷನ್ ಬೇಕು, ತುದಿ ಮಾತ್ರ ಬರಿದಾಗಿರಬೇಕು. ಎಪಾಕ್ಸಿ ಅದ್ದಿದರೆ ಖರ್ಚು ಕಡಿಮೆ. ಆದರೆ ತುದಿಯಲ್ಲಿ ಏಳುವ ಹೈಡ್ರೋಜನ್ ಗುಳ್ಳೆಗಳು ಪದರದ ಅಂಚನ್ನು ಎಬ್ಬಿಸುತ್ತವೆ. ನಾನು ಪ್ಯಾರಿಲೀನ್ (ಚೇಂಬರ್‌ನಲ್ಲಿ ಆವಿಯಿಂದ ಕೂರಿಸುವ ತೆಳು ಪ್ಲಾಸ್ಟಿಕ್ ಪದರ) ಹಾಕಿಸಿದೆ. ಒಂದು ಬ್ಯಾಚಿಗೆ 14,500. ಒಂದೇ ಟೂಲ್ ಹಾಕಿದರೂ ಅಷ್ಟೇ, ಚೇಂಬರ್ ತುಂಬಿಸಿದರೂ ಅಷ್ಟೇ. ಅದಕ್ಕೇ ಕಡ್ಡಿ ಕೂಡಿಟ್ಟು ಒಟ್ಟಿಗೆ ಕಳಿಸುತ್ತೇನೆ. ಮೊದಲ ಬ್ಯಾಚ್ ಕೊರಿಯರ್‌ನವರ ಕೈಯಲ್ಲಿ ಬಗ್ಗಿ ಬಂತು, ದುಡ್ಡು ವಾಪಸ್ ಬರಲಿಲ್ಲ. ಈಗ ನಾನೇ ಸ್ಕೂಟರ್‌ನಲ್ಲಿ ಒಯ್ದು ಕೊಡುತ್ತೇನೆ.

ಕೇಳಿದವರು: ಮೇಡಂ, ಕೋಟಿಂಗ್ ದಪ್ಪ ಎಷ್ಟು? 150ರ ಕಡ್ಡಿಗೇ ಹಾಕಬಹುದಾ?

ಬೊಮ್ಮಸಂದ್ರ: ಕೋಟಿಂಗ್ ಆಮೇಲೆ. ಮೊದಲು ಚಿಲ್ಲರ್.

ಜಾಲಹಳ್ಳಿ, ಎಫ್ಲುಯೆಂಟ್ (ಕಾರ್ಖಾನೆಯ ಕೊಳಕು ನೀರು) ನೋಡಿಕೊಳ್ಳುವವನು: ಇಷ್ಟು ಜನ ಬರೆದಿರಿ, ತೊಳೆದ ನೀರು ಎಲ್ಲಿ ಹೋಗುತ್ತದೆ ಅಂತ ಒಬ್ಬರೂ ಹೇಳಲಿಲ್ಲ. 718ರಲ್ಲಿ ಕ್ರೋಮಿಯಂ 17ರಿಂದ 21 ಪರ್ಸೆಂಟ್. ನೈಟ್ರೇಟ್‌ನಲ್ಲಿ ಅದು ಕ್ರೋಮ್ ಆರು (ಕ್ರೋಮಿಯಂನ ವಿಷಕಾರಿ ರೂಪ) ಆಗಿ ಹೊರಗೆ ಬರುತ್ತದೆ. ನೀರು ಹಳದಿ ತಿರುಗಿದರೆ ಅದೇ. ಕ್ಯಾನ್ಸರ್ ತರುವ ವಸ್ತು ಅದು. ಆಸಿಡ್ ಹಾಕಿ ಪಿಎಚ್ ಇಳಿಸಿ, ಮೆಟಾಬೈಸಲ್ಫೈಟ್ ಹಾಕಿ ವಿಷ ಕಡಿಮೆಯಿರುವ ಕ್ರೋಮ್ ಮೂರಕ್ಕೆ ತನ್ನಿ, ಆಮೇಲೆ ಸುಣ್ಣ ಹಾಕಿ ಕೆಸರು ಇಳಿಸಿ. ಅದನ್ನು ಚರಂಡಿಗೆ ಬಿಡುವ ಶೆಡ್‌ಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕಾಮಾಕ್ಷಿಪಾಳ್ಯ: ನನ್ನ ಕಡೆ ಬೆರಳು ತೋರಿಸಬೇಡಿ. ನಮ್ಮ ಕೆಸರು ಡ್ರಮ್‌ನಲ್ಲಿ, ಲೆಕ್ಕ ಪುಸ್ತಕದಲ್ಲಿ ಇದೆ.

ಜಾಲಹಳ್ಳಿ: ನಿಮ್ಮ ಹೆಸರು ನಾನು ಎತ್ತಲೇ ಇಲ್ಲ.

ಅಬ್ಬಿಗೆರೆ: ನಮಗೆ ಈ ತಲೆನೋವೇ ಇಲ್ಲ.

ಜಾಲಹಳ್ಳಿ: ನಿಮ್ಮ ಇಡಿಎಂ ಟ್ಯಾಂಕಿನ ಹಳೇ ಡೈಎಲೆಕ್ಟ್ರಿಕ್ ಎಣ್ಣೆ ಯಾರು ಒಯ್ಯುತ್ತಾರೆ, ಅದನ್ನೂ ಹೇಳಿ.

ರಾಜಾಜಿನಗರ: ಪೀಣ್ಯದವರಿಗೆ: ನಾನು ಹಾಕಿಸುವುದು 5 ಮೈಕ್ರಾನ್ ದಪ್ಪ. 150ರ ಕಡ್ಡಿ 160 ಆಗುತ್ತದೆ, 200ರ ತೂತಿಗೆ ಪಕ್ಕಕ್ಕೆ 20 ಉಳಿಯುತ್ತದೆ. ಅಷ್ಟರಲ್ಲಿ ಗುಳ್ಳೆ, ಕೆಸರು ಹೊರಗೆ ಬರಬೇಕು. ಅದಕ್ಕೆ ಕಡ್ಡಿಯನ್ನು ಆಗಾಗ ಮೇಲೆತ್ತಿ ತೊಳೆಯಲು ಬಿಡಿ. ವೋಲ್ಟೇಜ್ 12ರಿಂದ ಇಳಿಸಿ, ಗ್ಯಾಪ್ ತಾನೇ ಚಿಕ್ಕದಾಗುತ್ತದೆ. ಫೀಡ್ ಕೂಡ ಜೊತೆಗೆ ಇಳಿಸದಿದ್ದರೆ ಟೂಲ್ ಹೋಗಿ ಜಾಬ್‌ಗೆ ತಾಗುತ್ತದೆ, 14,500ರ ಕೋಟಿಂಗ್ ಒಂದೇ ಸ್ಪಾರ್ಕ್‌ಗೆ ಸುಟ್ಟು ಹೋಗುತ್ತದೆ. ಪಲ್ಸ್ ಸಪ್ಲೈ ಆಮೇಲೆ ನೋಡಿ.

ಕಾಮಾಕ್ಷಿಪಾಳ್ಯ: ಮೇಡಂ, ಟೇಪರ್ ಹೋಗುತ್ತದೆ, ಒಪ್ಪಿದೆ. ಆದರೆ ಮಿಲಿಸೆಕೆಂಡ್ ಪಲ್ಸ್‌ನಲ್ಲಿ ತುದಿಯ ಸುತ್ತಲೂ ತಿನ್ನುವುದು ನಿಲ್ಲುವುದಿಲ್ಲ, ಅಲ್ಲೇ ಆ 10 ಮೈಕ್ರಾನ್ ಕೈ ತಪ್ಪುತ್ತದೆ. ಪೀಣ್ಯದವರೇ, ಭಾನುವಾರ ಶೆಡ್‌ಗೆ ಬನ್ನಿ, ನಿಮ್ಮ ಶೀಟು ತನ್ನಿ. ಕೋಟಿಂಗ್ ಇಲ್ಲದ ಕಡ್ಡಿಯಲ್ಲೇ ಹೊಡೆದು ಕೊಡುತ್ತೇನೆ, ಅಳತೆ ನೀವೇ ತೆಗೆಯಿರಿ.

ರಾಜಾಜಿನಗರ: ನಾನೂ ಬರುತ್ತೇನೆ. ನನ್ನ ಕೋಟಿಂಗ್ ಕಡ್ಡಿ ತರುತ್ತೇನೆ, ಅದೇ ಶೀಟಿನಲ್ಲಿ ಪಕ್ಕದಲ್ಲೇ ಹಾಕೋಣ.