ತಿಂಗಳ 20ಕ್ಕೇ ಕೈ ಖಾಲಿ: ಹಾಸ್ಟೆಲ್‌ನಲ್ಲಿ ಇದ್ದವರು ಹೇಗೆ ನಿಭಾಯಿಸಿದಿರಿ?

ಕೇಳಿದವನು, ಕೊಪ್ಪಳ ಕಡೆಯ ಹುಡುಗ:

ಧಾರವಾಡದಲ್ಲಿ ಎಂ.ಎಸ್ಸಿ. ಮೊದಲ ವರ್ಷ. ಕ್ಯಾಂಪಸ್ಸಿನ ಹಾಸ್ಟೆಲ್‌ನಲ್ಲೇ ಇದ್ದೇನೆ. ಮೆಸ್ ಬಿಲ್ ಅಪ್ಪ ಕಟ್ಟುತ್ತಾರೆ. ಕೈಖರ್ಚಿಗೆ ಅಂತ 3,000 ಕಳಿಸುತ್ತಾರೆ. ಅದು 20ನೇ ತಾರೀಕಿಗೆ ಮುಗಿದಿರುತ್ತದೆ. ಸಿನಿಮಾ ಇಲ್ಲ, ಬಟ್ಟೆ ಇಲ್ಲ, ಎಲ್ಲಿ ಹೋಗುತ್ತದೋ ತಿಳಿಯುತ್ತಿಲ್ಲ. "ಖರ್ಚು ಕಡಿಮೆ ಮಾಡು" ಅಂತ ಮಾತ್ರ ಹೇಳಬೇಡಿ, ಅದನ್ನು ಅಮ್ಮ ದಿನಾ ಹೇಳುತ್ತಾಳೆ. ನೀವು ನಿಜವಾಗಿ ಏನು ಮಾಡಿದಿರಿ ಅದನ್ನು ಹೇಳಿ.

ನಾಲ್ಕು ವರ್ಷ ಹಾಸ್ಟೆಲ್‌ನಲ್ಲಿ ಕಳೆದ ಇಂಜಿನಿಯರ್:

ಎಲ್ಲಿ ಹೋಗುತ್ತದೆ ಅಂತ ನಾನು ಹೇಳುತ್ತೇನೆ. ರಾತ್ರಿ ಹನ್ನೊಂದಕ್ಕೆ, ಗೇಟಿನ ಹೊರಗೆ. ಮೆಸ್ಸಿನಲ್ಲಿ ಎಂಟಕ್ಕೆ ಊಟ ಮುಗಿಯುತ್ತದೆ, ನಾವು ಮಲಗುವುದು ಒಂದೂವರೆಗೆ. ನಡುವೆ ಹೊಟ್ಟೆ ಸುಮ್ನೆ ಇರುತ್ತದಾ? ಎಗ್ ರೈಸ್, ಇಲ್ಲಾ ಮ್ಯಾಗಿ, ಮೇಲೊಂದು ಚಹಾ. ಒಂದು ಸಲಕ್ಕೆ 50 ರೂಪಾಯಿ ಅಂದರೂ ತಿಂಗಳಿಗೆ 20 ರಾತ್ರಿಗೆ 1,000 ಆಯಿತು. ನಿಮ್ಮ ಹಣದ ಮೂರನೇ ಒಂದು ಪಾಲು.

ನಮ್ಮ ರೂಮಿನಲ್ಲಿ ಮೂರು ಜನ. ಒಬ್ಬ ಬಾಗಲಕೋಟೆಯವನು. ಅವನ ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಬರುತ್ತಿತ್ತು. ಒಣಗಿದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಅಂಗಡಿಯಿಂದ ಬರೀ ಮೊಸರು ತರುತ್ತಿದ್ದೆವು. ನನ್ನ ಪಾಲು ಹಚ್ಚಿದ ಅವಲಕ್ಕಿ. ಮೊದಲ ವರ್ಷ ನಾಚಿಕೆಯಿಂದ ಡಬ್ಬ ಕಪಾಟಿನ ಒಳಗೆ ಇಡುತ್ತಿದ್ದೆವು. ಎರಡನೇ ವರ್ಷಕ್ಕೆ ಪಕ್ಕದ ರೂಮಿನವರು ಕೇಳಿಕೊಂಡು ಬರುತ್ತಿದ್ದರು, ಅದೇ ತೊಂದರೆ ಆಯಿತು! ಡಬ್ಬದ ಮುಚ್ಚಳ ಬಿಗಿ ಇರಲಿ. ಒಮ್ಮೆ ಶೇಂಗಾ ಉಂಡಿ ಪೂರ್ತಿ ಇರುವೆಗಳ ಪಾಲಾಗಿತ್ತು.

ಮೆಸ್ ಕಮಿಟಿಯಲ್ಲಿ ಇದ್ದವನು:

ಬಿಲ್ ಅಪ್ಪ ಕಟ್ಟುತ್ತಾರೆ ಅಂತ ಮೆಸ್ಸನ್ನು ಲೆಕ್ಕದಿಂದ ಬಿಡಬೇಡಿ, ಅದೂ ಮನೆಯ ದುಡ್ಡೇ ಅಲ್ವಾ. ನಿಮ್ಮಲ್ಲಿ ಡಿವೈಡಿಂಗ್ ಪದ್ಧತಿ ಇದೆಯಾ ಅಂತ ಮೊದಲು ಕೇಳಿ. ಅಂದರೆ ತಿಂಗಳ ರೇಷನ್, ತರಕಾರಿ, ಹಾಲು, ಗ್ಯಾಸ್, ಅಡುಗೆಯವರ ಸಂಬಳ ಎಲ್ಲ ಕೂಡಿಸಿ, ಎಲ್ಲರೂ ಉಂಡ ಒಟ್ಟು ದಿನಗಳಿಂದ ಭಾಗಿಸುತ್ತಾರೆ. ಬಂದ ದರವನ್ನು ನಿಮ್ಮ ಹಾಜರಿ ದಿನಗಳಿಂದ ಗುಣಿಸಿದರೆ ನಿಮ್ಮ ಬಿಲ್.

ಹಾಗಿದ್ದರೆ ಊರಿಗೆ ಹೋಗುವಾಗ ರಿಜಿಸ್ಟರಿನಲ್ಲಿ ರಜೆ ಬರೆಯಲೇಬೇಕು. ನಮ್ಮಲ್ಲಿ ಹಿಂದಿನ ದಿನವೇ ಬರೆಯಬೇಕಿತ್ತು, ಮೂರು ದಿನಕ್ಕಿಂತ ಕಡಿಮೆ ಇದ್ದರೆ ಕಡಿತ ಇಲ್ಲ. ದಸರಾಕ್ಕೆ ನಾನು ಬರೆಯದೇ ಹೋದೆ. ಊರಲ್ಲಿ ಹೋಳಿಗೆ ತಿಂದ ಒಂಬತ್ತು ದಿನಕ್ಕೂ ಇಲ್ಲಿ ದುಡ್ಡು ಕೊಟ್ಟೆ. ಆ ಸಿಟ್ಟಿಗೇ ಕಮಿಟಿ ಸೇರಿದ್ದು. ಬೆಳಿಗ್ಗೆ ಐದಕ್ಕೆ ಎದ್ದು ನಾವೇ ಎಪಿಎಂಸಿಗೆ ಹೋಗಿ ತರಕಾರಿ ತಂದೆವು. ದಿನದ ದರ 96ರಿಂದ 88ಕ್ಕೆ ಇಳಿಯಿತು. ಪರೀಕ್ಷೆ ಬಂತು, ಯಾರೂ ಏಳಲಿಲ್ಲ, ಮತ್ತೆ ಏರಿತು.

ಬೆಳಗಾವಿಯವಳು, ಬೆಂಗಳೂರಿನಲ್ಲಿ ಓದಿದ್ದು:

ಊರಿಗೆ ಹೋಗಿ ಬರುವ ಖರ್ಚಿನ ಬಗ್ಗೆ ಯಾರೂ ಹೇಳಲಿಲ್ಲ. ಮನೆಗೆ ಹೋಗುವ ವಿದ್ಯಾರ್ಥಿಗೆ ರೈಲಿನ ಸ್ಲೀಪರ್ ಮತ್ತು ಸೆಕೆಂಡ್ ಕ್ಲಾಸಿನಲ್ಲಿ ಅರ್ಧ ದರದ ರಿಯಾಯಿತಿ ಇದೆ. ಕಾಲೇಜಿನಿಂದ ಸಹಿ, ಸೀಲು ಹಾಕಿದ ಫಾರಂ ಬೇಕು, ಟಿಕೆಟ್ ಕೌಂಟರಿನಲ್ಲೇ ತೆಗೆಯಬೇಕು. ಆಫೀಸಿಗೆ ಮೂರು ಸಲ ಅಲೆದಾಡಿಸಿದರು, ಆದರೂ ತೆಗೆದುಕೊಂಡೆ. ಈಗ ನನ್ನ ತಂಗಿಗೆ ಆ ಗೋಳಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ತೋರಿಸಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಬಿಟ್ಟಿಯಾಗಿ ಬರುತ್ತಾಳೆ. ನಿಮಗೆ ಅದು ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಪೋರ್ಟಲ್‌ನಲ್ಲಿ, ವಿದ್ಯಾಸಿರಿಗೂ ಅರ್ಜಿ ಹಾಕಿ ನೋಡಿ.

ಮೆಸ್ ಕಮಿಟಿಯವನು ಮತ್ತೆ:

ಅಕ್ಕಾ, ವಿದ್ಯಾಸಿರಿ ಇರುವುದು ಹಾಸ್ಟೆಲ್ ಸಿಗದವರಿಗೆ. ಊಟ, ವಸತಿಗೆ ಅಂತ ಕೊಡುವ ಹಣ ಅದು. ಇವರು ಹಾಸ್ಟೆಲ್‌ನಲ್ಲೇ ಇದ್ದಾರೆ. ಬೇರೆ ವಿದ್ಯಾರ್ಥಿವೇತನಕ್ಕೆ ಹಾಕಬಹುದು. ಆದರೆ ಆಧಾರ್ ಯಾವ ಬ್ಯಾಂಕ್ ಖಾತೆಗೆ ಜೋಡಣೆಯಾಗಿದೆ ಅಂತ ಮೊದಲು ನೋಡಿಕೊಳ್ಳಿ. ನನ್ನದು ಎಂದೋ ಮುಚ್ಚಿದ ಖಾತೆಗೆ ಜೋಡಣೆಯಾಗಿತ್ತು, ಒಂದು ವರ್ಷ ಹಣವೇ ಬರಲಿಲ್ಲ.

ಈಗ ಪಾಠ ಮಾಡುತ್ತಿರುವವಳು:

ಎಲ್ಲ ಸರಿ, ಆದರೆ ಹೊಟ್ಟೆಗೆ ಮಾತ್ರ ಉಳಿತಾಯ ಬೇಡ. ಬೆಳಗಿನ ತಿಂಡಿ ಬಿಟ್ಟು ಆರು ತಿಂಗಳಲ್ಲಿ ಜಾಣೆಯಂತೆ ಹಣ ಕೂಡಿಟ್ಟೆ. ಗ್ಯಾಸ್ಟ್ರಿಕ್ ಬಂತು. ಡಾಕ್ಟರು, ಮಾತ್ರೆ ಅಂತ ಅದಷ್ಟೂ ಹೋಯಿತು, ಮೇಲೆ ಸಾಲ ಬೇರೆ.

ಪುಸ್ತಕ ಕೊಳ್ಳಬೇಡಿ. ಸೀನಿಯರ್ಸ್ ಹತ್ತಿರ ಕೇಳಿ, ಕೊಡುತ್ತಾರೆ.

ಇನ್ನೊಂದು, ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಕೊಟ್ಟರೆ ದುಡ್ಡು ಹೋದದ್ದೇ ಗೊತ್ತಾಗುವುದಿಲ್ಲ. ನಾನು ಎರಡು ಖಾತೆ ಇಟ್ಟುಕೊಂಡಿದ್ದೆ. ಅಪ್ಪ ಕಳಿಸುವುದು ಒಂದಕ್ಕೆ, ಯುಪಿಐ ಇರುವುದು ಇನ್ನೊಂದಕ್ಕೆ. ಪ್ರತಿ ಸೋಮವಾರ ಎಟಿಎಂಗೆ ನಡೆದು ಹೋಗಿ 600 ತೆಗೆದು, ಯುಪಿಐ ಖಾತೆಗೆ ಜಮೆ ಮಾಡುತ್ತಿದ್ದೆ. ರೂಮ್‌ಮೇಟ್ ನಗುತ್ತಿದ್ದಳು, ಫೋನಿನಲ್ಲೇ ಹಾಕಬಹುದಲ್ಲ ಅಂತ. ಅಷ್ಟು ಸುಲಭ ಆಗಬಾರದು ಅಂತಲೇ ನಾನು ನಡೆದು ಹೋಗುತ್ತಿದ್ದುದು. ಗುರುವಾರಕ್ಕೇ ಮುಗಿದರೆ ಭಾನುವಾರದವರೆಗೆ ಮೆಸ್ಸಿನ ಚಹಾವೇ ಗತಿ.

ಕೇಳಿದವನು:

ನಿನ್ನೆ ಕೂತು ಫೋನ್‌ಪೇ ಹಿಸ್ಟರಿ ಪೂರ್ತಿ ನೋಡಿದೆ. ಹೋದ ತಿಂಗಳು ಗೇಟಿನ ಅಂಗಡಿಗೆ 27 ಸಲ ಹೋಗಿದ್ದೇನೆ, 1,215 ರೂಪಾಯಿ. ಸರ್, ನೀವು ಹೇಳಿದ್ದಕ್ಕಿಂತ ಜಾಸ್ತಿಯೇ ಆಯಿತು.

ಅಮ್ಮನಿಗೆ ಫೋನ್ ಮಾಡಿ ರೊಟ್ಟಿ ಕಳಿಸು ಅಂದೆ. "ಹೋಗುವಾಗ ಗಂಟು ಕಟ್ಟಿ ಕೊಟ್ಟರೆ ಬೇಡ ಅಂತ ಕಟ್ಟೆಯ ಮೇಲೆ ಇಟ್ಟು ಹೋದವನು ನೀನೇ ಅಲ್ವಾ?" ಅಂದಳು. ಶನಿವಾರದ ಬಸ್ಸಿಗೆ ಬುತ್ತಿ ಕೊಡುತ್ತಾಳಂತೆ. ಇಬ್ಬರಿಗೆ ಆಗುವಷ್ಟು ಅಂತ ಹೇಳಿದ್ದೇನೆ, ರೂಮ್‌ಮೇಟ್ ಶಿವಮೊಗ್ಗದವನು, ಇದುವರೆಗೆ ಖಡಕ್ ರೊಟ್ಟಿ ತಿಂದೇ ಇಲ್ಲವಂತೆ.