ಮೊದಲ ಸಲ ಇ-ಸಿಗರೇಟ್ ತಗೊಳ್ಳುತ್ತಿದ್ದೇನೆ, ಕಡಿಮೆ ಖರ್ಚಿನಲ್ಲಿ ಯಾವುದು ಸರಿ?

ಬಿಡಬೇಕೆಂದವನು:

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷದಿಂದ ಸಿಗರೇಟ್ ಸೇದುತ್ತಿದ್ದೇನೆ, ದಿನಕ್ಕೆ ಹದಿನೈದರ ಹತ್ತಿರ. ಮೂರು ಸಲ ಬಿಟ್ಟು ನೋಡಿದೆ, ಒಂದು ಸಲವೂ ಇಪ್ಪತ್ತು ದಿನ ದಾಟಲಿಲ್ಲ. ಈಗ ಇ-ಸಿಗರೇಟಿಗೆ ಬದಲಾಗಿ, ಆಮೇಲೆ ನಿಧಾನವಾಗಿ ಅದನ್ನೂ ಬಿಡೋಣ ಅಂತ ಮನಸ್ಸು ಮಾಡಿದ್ದೇನೆ. ಆದರೆ ಯಾವುದು ತಗೊಳ್ಳಲಿ ಅಂತ ಹುಡುಕಲು ಕೂತರೆ ಪಾಡ್, ಪೆನ್, ಮಾಡ್, ಓಮ್, ವಾಟ್, ಸಾಲ್ಟ್, ಪಿಜಿ, ವಿಜಿ ಅಂತ ಬರುತ್ತದೆ. ಒಂದೂ ತಲೆಗೆ ಹತ್ತುತ್ತಿಲ್ಲ.

ಇಲ್ಲಿಯವರೆಗೆ ಎರಡು ಸಲ ಪ್ರಯತ್ನ ಮಾಡಿದ್ದೇನೆ. ಸ್ನೇಹಿತನ ಹತ್ತಿರ ಮುಷ್ಟಿ ಗಾತ್ರದ ಡಬ್ಬಿ ಇದೆ. ಸಿಗರೇಟ್ ಎಳೆಯುವ ಹಾಗೇ ಅದರಲ್ಲಿ ಒಂದು ದಮ್ಮು ಎಳೆದೆ, ಐದು ನಿಮಿಷ ಕೆಮ್ಮು ನಿಲ್ಲಲಿಲ್ಲ. ಆಮೇಲೆ ಬಳಸಿ ಬಿಸಾಡುವ ಡಿಸ್ಪೋಸಬಲ್ ಒಂದು ತಗೊಂಡೆ. ಅದು ಗಂಟಲಿಗೆ ಹಿತವಾಗಿತ್ತು, ಆದರೆ ಎರಡೂವರೆ ದಿನಕ್ಕೆ ಖಾಲಿ. ವಾರಕ್ಕೆ ಮೂರು ಅಂತ ಹಿಡಿದರೆ ನನ್ನ ಸಿಗರೇಟಿನ ಖರ್ಚಿಗಿಂತ ಜಾಸ್ತಿ ಆಗುತ್ತದೆ.

ಸದ್ಯ ಕೈ ಬಿಗಿ ಇದೆ. ಇರುವುದರಲ್ಲಿ ತೀರಾ ಅಗ್ಗದ್ದು ತಗೊಂಡು ಶುರು ಮಾಡಿದರೆ ಸಾಕಾ? ನಿಕೋಟಿನ್ ಎಷ್ಟಿರಬೇಕು? ಸ್ನೇಹಿತ 3 ಸಾಕು ಅನ್ನುತ್ತಾನೆ, ಡಿಸ್ಪೋಸಬಲ್ ಮೇಲೆ 20 ಅಂತ ಇತ್ತು. ಇಷ್ಟು ವ್ಯತ್ಯಾಸ ಯಾಕೆ? ಮತ್ತೆ ಅಗ್ಗದ ಬ್ಯಾಟರಿ ಸಿಡಿಯುತ್ತದೆ ಅಂತ ಮನೆಯವರಿಗೆ ಭಯ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಹಳೇಸೇದುಗ:

ಅಗ್ಗ ಅನ್ನುವುದನ್ನು ಸಾಧನದ ಬೆಲೆ ನೋಡಿ ತೀರ್ಮಾನ ಮಾಡಬೇಡಿ. ಸಾಧನ ಒಂದು ಸಲದ ಖರ್ಚು. ಲಿಕ್ವಿಡ್ (ಆವಿಯಾಗುವ ನಿಕೋಟಿನ್ ದ್ರವ) ಮತ್ತು ಕಾಯಿಲ್ (ಹತ್ತಿ ಹೀರಿಕೊಂಡ ಆ ದ್ರವವನ್ನು ಬಿಸಿ ಮಾಡುವ ತಂತಿ ಸುರುಳಿ) ವಾರವಾರದ ಖರ್ಚು. ನಾನು ಮೊದಲ ಸಲ ಸಿಕ್ಕಿದ್ದರಲ್ಲೇ ತೀರಾ ಅಗ್ಗದ ಪೆನ್ ತಗೊಂಡೆ, ಮೂರು ವಾರಕ್ಕೆ ಅದರ ಕಾಯಿಲ್ ಹೋಯಿತು, ಬದಲಿ ಕಾಯಿಲ್ ಎಲ್ಲಿ ಕೇಳಿದರೂ ಸಿಗಲಿಲ್ಲ, ಪೆನ್ ಡ್ರಾಯರ್ ಸೇರಿತು, ನಾನು ಮತ್ತೆ ಎರಡು ತಿಂಗಳು ಸಿಗರೇಟಿಗೆ ಹೋದೆ. ಹಾಗಾಗಿ ಸಾಧನ ಕೊಳ್ಳುವ ಮೊದಲು ಅದರ ಕಾಯಿಲ್ ಸುಲಭವಾಗಿ ಸಿಗುತ್ತದಾ ಅಂತ ನೋಡಿ. ಸಾಧನ ಆಮೇಲೆ.

ನಿಮಗೆ ಬೇಕಾಗಿರುವುದು ಮತ್ತೆ ತುಂಬಿಸಬಹುದಾದ ಸಣ್ಣ ಪಾಡ್. ಅಂದರೆ ಕೆಳಗೆ ಬ್ಯಾಟರಿ, ಮೇಲೆ ಲಿಕ್ವಿಡ್ ಹಾಕುವ ಪುಟ್ಟ ತೊಟ್ಟಿ, ಅದರೊಳಗೆ ಕಾಯಿಲ್. ಬಟನ್ ಕೂಡ ಬೇಡ, ಎಳೆದರೆ ತಾನೇ ಶುರುವಾಗುವುದು ಸಾಕು. ಇದರಲ್ಲೇ ಇನ್ನೊಂದು ಬಗೆ ಇದೆ, ಲಿಕ್ವಿಡ್ ತುಂಬಿ ಸೀಲ್ ಮಾಡಿದ ಪಾಡ್ ಕೊಡುತ್ತಾರೆ. ಅದರ ಸಾಧನ ತುಂಬಾ ಕಡಿಮೆಗೆ ಸಿಗುತ್ತದೆ, ಆದರೆ ಪಾಡ್ ಖಾಲಿಯಾದಾಗಲೆಲ್ಲ ಅವರದ್ದೇ ಕೊಳ್ಳಬೇಕು. ಪ್ರಿಂಟರ್ ಅಗ್ಗ, ಇಂಕ್ ದುಬಾರಿ ಅನ್ನುವ ಲೆಕ್ಕ. ಕೈ ಬಿಗಿ ಇರುವವರಿಗೆ ಅದು ಬೇಡ.

ಸ್ನೇಹಿತನ ಡಬ್ಬಿಯಲ್ಲಿ ಕೆಮ್ಮು ಬಂದಿದ್ದು ನಿಮ್ಮ ತಪ್ಪಲ್ಲ. ಸಿಗರೇಟ್ ಸೇದುವಾಗ ಹೊಗೆ ಮೊದಲು ಬಾಯಿಗೆ ಬರುತ್ತದೆ, ಆಮೇಲೆ ಒಳಗೆ ಎಳೆಯುತ್ತೇವೆ. ಮಾಡ್ ಅನ್ನುವ ಆ ದೊಡ್ಡ ಡಬ್ಬಿಗಳು ಹಾಗಲ್ಲ, ನೇರ ಎದೆಗೆ ಎಳೆಯಲು ಮಾಡಿದ್ದು. ಕಾಯಿಲ್ ಎಷ್ಟು ಓಮ್, ಅಂದರೆ ವಿದ್ಯುತ್ತಿಗೆ ಎಷ್ಟು ತಡೆ ಒಡ್ಡುತ್ತದೆ, ಅನ್ನುವುದರಲ್ಲಿ ಇದು ಗೊತ್ತಾಗುತ್ತದೆ. ಓಮ್ ಕಡಿಮೆ ಆದಷ್ಟೂ ವಾಟ್ ಜಾಸ್ತಿ ಬೇಕು, ಆವಿ ಜಾಸ್ತಿ, ಲಿಕ್ವಿಡ್ ಬೇಗ ಖಾಲಿ. ನಿಮ್ಮ ಸ್ನೇಹಿತನದ್ದು 0.2 ಅಥವಾ 0.3 ಇರಬೇಕು. ನಿಮಗೆ 0.8ರಿಂದ 1.2 ಓಮ್ ನಡುವಿನದ್ದು ಸರಿ, ಹತ್ತು ಹದಿನೈದು ವಾಟ್ ಸಾಕು. ಎಳೆತ ಬಿಗಿಯಾಗಿ ಸಿಗರೇಟಿನ ಹಾಗೇ ಇರುತ್ತದೆ.

3 ಮತ್ತು 20ರ ಗೊಂದಲಕ್ಕೂ ಇದೇ ಕಾರಣ. ಆ ಅಂಕಿ ಒಂದು ಮಿಲಿಲೀಟರ್ ಲಿಕ್ವಿಡ್‌ನಲ್ಲಿ ಎಷ್ಟು ಮಿಲಿಗ್ರಾಂ ನಿಕೋಟಿನ್ ಇದೆ ಅನ್ನುವುದು. ಸ್ನೇಹಿತ ಒಂದು ದಮ್ಮಿಗೆ ಅಷ್ಟೊಂದು ಆವಿ ಎಳೆಯುತ್ತಾನೆ, ಅವನಿಗೆ 3 ಸಾಕು. ಸಣ್ಣ ಪಾಡ್‌ನಲ್ಲಿ ಆವಿಯೇ ಕಡಿಮೆ. ದಿನಕ್ಕೆ ಹದಿನೈದು ಸೇದುವವರು ಅದರಲ್ಲಿ 3 ಹಾಕಿಕೊಂಡರೆ ಬೆಳಗಿಂದ ಸಂಜೆವರೆಗೆ ಎಳೆಯುತ್ತಲೇ ಇರುತ್ತಾರೆ, ಲಿಕ್ವಿಡ್ ಖರ್ಚಾಗುತ್ತದೆ, ಆಸೆ ತೀರುವುದಿಲ್ಲ, ಕೊನೆಗೆ ಸಿಗರೇಟ್ ಹಚ್ಚುತ್ತಾರೆ. ಹೊಸಬರು ಸೋಲುವುದು ಇಲ್ಲೇ, ಇದನ್ನು ನಾನು ತುಂಬಾ ಜನರಲ್ಲಿ ನೋಡಿದ್ದೇನೆ. ನೀವು 18 ಅಥವಾ 20ರ ನಿಕೋಟಿನ್ ಸಾಲ್ಟ್‌ನಿಂದ ಶುರು ಮಾಡಿ. ಸಾಲ್ಟ್ ಅಂದರೆ ಆಸಿಡ್ ಸೇರಿಸಿ ಮಾಡಿದ ರೂಪ, ಹೆಚ್ಚು ನಿಕೋಟಿನ್ ಇದ್ದರೂ ಗಂಟಲು ಕೆರೆಯುವುದಿಲ್ಲ. ಯೂರೋಪ್ ಒಕ್ಕೂಟ ಮತ್ತು ಬ್ರಿಟನ್‌ನಲ್ಲಿ 20ಕ್ಕಿಂತ ಮೇಲೆ ಮಾರುವ ಹಾಗಿಲ್ಲ, ಬೇರೆ ಕಡೆ 50 ಕೂಡ ಸಿಗುತ್ತದೆ. ಅದರ ಹತ್ತಿರ ಹೋಗಬೇಡಿ. ತಲೆ ಸುತ್ತಿದರೆ, ಹೊಟ್ಟೆ ತೊಳಸಿದರೆ, ಎದೆ ಡವಡವ ಅಂದರೆ ಜಾಸ್ತಿ ಆಯಿತು ಅಂತ ಅರ್ಥ. ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತುಕೊಳ್ಳಿ.

ಲಿಕ್ವಿಡ್ ಕೊಳ್ಳುವಾಗ 50/50, ಅಂದರೆ ಪಿಜಿ ಅರ್ಧ ವಿಜಿ ಅರ್ಧ, ಅಂತ ಇರುವುದನ್ನು ನೋಡಿ. ಪಿಜಿ ಅಂದರೆ ಪ್ರೊಪಿಲೀನ್ ಗ್ಲೈಕಾಲ್, ತೆಳು. ವಿಜಿ ಅಂದರೆ ವೆಜಿಟೆಬಲ್ ಗ್ಲಿಸರಿನ್, ಮಂದ. ವಿಜಿ 70 ಇರುವ ಮಂದ ಲಿಕ್ವಿಡ್ ಸಣ್ಣ ಕಾಯಿಲ್‌ನ ಹತ್ತಿಗೆ ಬೇಗ ಇಳಿಯುವುದಿಲ್ಲ, ಹತ್ತಿ ಒಣಗಿ ಸುಡುತ್ತದೆ.

ತಿಂಗಳ ಲೆಕ್ಕ ಹೀಗೆ ಹಾಕಿ. ದಿನಕ್ಕೆ 2 ಮಿಲಿ ಅಂದರೆ ತಿಂಗಳಿಗೆ 10 ಮಿಲಿಯ ಆರು ಬಾಟಲಿ. ಕಾಯಿಲ್ ಒಂದರಿಂದ ಎರಡು ವಾರ ಬರುತ್ತದೆ, ಮೂರು ಅಂತ ಇಟ್ಟುಕೊಳ್ಳಿ. ಇವೆರಡರ ಮೊತ್ತವನ್ನು ಈಗಿನ ಸಿಗರೇಟ್ ಖರ್ಚಿನ ಪಕ್ಕ ಇಟ್ಟು ನೋಡಿ. ತುಂಬಾ ಸಿಹಿ ಇರುವ ರುಚಿಗಳು ಕಾಯಿಲ್ ಮೇಲೆ ಕರಿ ಕಟ್ಟಿಸುತ್ತವೆ, ಒಂದೇ ವಾರಕ್ಕೆ ಕೆಡಿಸುತ್ತವೆ. ತಂಬಾಕು ಅಥವಾ ಪುದೀನದ ರುಚಿಯಲ್ಲಿ ಕಾಯಿಲ್ ಹೆಚ್ಚು ದಿನ ಬಾಳುತ್ತದೆ.

ತಂತಿಬ್ಯಾಟರಿ:

ಬ್ಯಾಟರಿ ಬಗ್ಗೆ ನಾನು ಹೇಳುತ್ತೇನೆ. ಮನೆಯವರ ಭಯ ಸುಳ್ಳಲ್ಲ, ಲಿಥಿಯಂ ಬ್ಯಾಟರಿ ತಪ್ಪಾಗಿ ಬಳಸಿದರೆ ಬೆಂಕಿ ಹಿಡಿಯುತ್ತದೆ. ಆದರೆ ಅಪಾಯ ಜಾಸ್ತಿ ಇರುವುದು 18650ರಂಥ ಬಿಡಿ ಸೆಲ್ ಹಾಕುವ ದೊಡ್ಡ ಸಾಧನಗಳಲ್ಲಿ. ಬಿಡಿ ಸೆಲ್ ಅನ್ನು ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ ಜೊತೆ ಇಟ್ಟರೆ ಶಾರ್ಟ್ ಆಗಿ ತೊಡೆ ಸುಟ್ಟುಕೊಂಡವರಿದ್ದಾರೆ. ಹೊಸಬರಿಗೆ ಅದರ ಸಹವಾಸವೇ ಬೇಡ. ಒಳಗೇ ಕೂಡಿಸಿದ ಬ್ಯಾಟರಿಯ ಪಾಡ್ ತಗೊಳ್ಳಿ. ಬ್ಯಾಟರಿಯ ಸಾಮರ್ಥ್ಯ 800 ಎಂಎಎಚ್ ಆಸುಪಾಸು ಇದ್ದರೆ ನಿಮಗೆ ಒಂದು ದಿನ ಬರುತ್ತದೆ.

ಚಾರ್ಜ್ ಮಾಡುವಾಗ ಕೈಪಿಡಿಯಲ್ಲಿ ಹೇಳಿದ ಚಾರ್ಜರನ್ನೇ ಬಳಸಿ, ಫೋನಿನ ಫಾಸ್ಟ್ ಚಾರ್ಜರ್‌ಗೆ ಸಿಕ್ಕಿಸಬೇಡಿ. ರಾತ್ರಿ ಮಲಗಿದಾಗ ಚಾರ್ಜಿಗೆ ಬಿಡಬೇಡಿ, ಹಾಸಿಗೆ ಮೇಲಂತೂ ಬೇಡವೇ ಬೇಡ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮರೆಯಬೇಡಿ. ಕೆಳಗೆ ಬಿದ್ದು ಉಬ್ಬಿದ್ದರೆ, ಸುಮ್ಮನಿದ್ದರೂ ಬಿಸಿಯಾಗುತ್ತಿದ್ದರೆ ಆಸೆ ಬಿಟ್ಟುಬಿಡಿ. ವಿಮಾನದಲ್ಲಿ ಹೋಗುವುದಿದ್ದರೆ ಕೈಚೀಲದಲ್ಲಿ ಮಾತ್ರ, ಕೆಳಗೆ ಹಾಕುವ ಸಾಮಾನಿನಲ್ಲಿ ಇಡುವ ಹಾಗಿಲ್ಲ.

ಇನ್ನೊಂದು. ತೀರಾ ಕಡಿಮೆಗೆ ಸಿಕ್ಕರೆ ನಕಲಿ ಇರಬಹುದು. ಡಬ್ಬಿಯ ಮೇಲೆ ಗೀಚಿ ನೋಡುವ ಕೋಡ್ ಇದ್ದರೆ ತಯಾರಕರ ಪುಟದಲ್ಲಿ ಹಾಕಿ ಪರೀಕ್ಷಿಸಿ.

ರಾತ್ರಿಪಾಳಿ:

ನಾನು ಆಸ್ಪತ್ರೆಯಲ್ಲಿ ನರ್ಸ್. ಬೈಯಲು ಬಂದಿಲ್ಲ, ಬಿಡಬೇಕು ಅಂತ ಹೊರಟವರನ್ನು ಕಂಡರೆ ನನಗೆ ನಿಜಕ್ಕೂ ಖುಷಿ. ಆದರೆ ಒಂದು ವಿಷಯ ಕೇಳಬೇಕು. ಮೂರು ಸಲ ಬಿಟ್ಟಾಗ ಏನಾದರೂ ಸಹಾಯ ಇತ್ತಾ, ಅಥವಾ ಬರೀ ಮನಸ್ಸಿನ ಬಲದ ಮೇಲೆ ಬಿಟ್ಟಿರಾ? ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್, ಅಗಿಯುವ ಗಮ್, ವೈದ್ಯರು ಬರೆದುಕೊಡುವ ಮಾತ್ರೆ, ಇವನ್ನು ಬಳಸಿಯೇ ನೋಡಿಲ್ಲ ಅಂದರೆ ಮೊದಲು ಅಲ್ಲಿಂದ ಶುರು ಮಾಡುವುದು ಒಳ್ಳೆಯದು. ಅವುಗಳಲ್ಲಿ ಏನಿದೆ, ಎಷ್ಟಿದೆ ಅನ್ನುವುದು ಔಷಧಿ ನಿಯಮದ ಪ್ರಕಾರ ಪರೀಕ್ಷೆಯಾಗಿ ಬಂದಿರುತ್ತದೆ.

ಇ-ಸಿಗರೇಟ್ ಕೆಲಸ ಮಾಡುವುದಿಲ್ಲ ಅಂತ ನಾನು ಹೇಳುವುದಿಲ್ಲ. ಬ್ರಿಟನ್‌ನಲ್ಲಿ 886 ಜನರ ಮೇಲೆ ನಡೆದ ಒಂದು ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ವರ್ಷದ ನಂತರ ಸಿಗರೇಟ್ ಬಿಟ್ಟೇ ಇದ್ದವರು ಇ-ಸಿಗರೇಟ್ ಗುಂಪಿನಲ್ಲಿ 18%, ಪ್ಯಾಚ್ ಗಮ್ ಬಳಸಿದ ಗುಂಪಿನಲ್ಲಿ 9.9%. ಇದನ್ನು ಎಲ್ಲರೂ ಹೇಳುತ್ತಾರೆ, ಇದರ ಜೊತೆಗಿನ ಎರಡು ಮಾತು ಬಿಟ್ಟುಬಿಡುತ್ತಾರೆ. ಎರಡೂ ಗುಂಪಿನವರಿಗೆ ಮೊದಲ ನಾಲ್ಕು ವಾರವಾದರೂ ಎದುರು ಕೂತು ಸಲಹೆ ಕೊಡುವವರು ಇದ್ದರು. ಮತ್ತೆ ಇ-ಸಿಗರೇಟಿನಿಂದ ಬಿಟ್ಟವರಲ್ಲಿ 80% ಜನ ವರ್ಷದ ನಂತರವೂ ಇ-ಸಿಗರೇಟ್ ಎಳೆಯುತ್ತಲೇ ಇದ್ದರು. ಆಮೇಲೆ ಅದನ್ನೂ ಬಿಡುತ್ತೇನೆ ಅಂದಿರಲ್ಲ, ಆ "ಆಮೇಲೆ"ಗೆ ಈಗಲೇ ಒಂದು ದಾರಿ ಯೋಚಿಸಿಡಿ.

ಸಿಗರೇಟಿನಲ್ಲಿ ಎಲೆ ಸುಡುತ್ತದೆ, ಟಾರ್ ಮತ್ತು ಕಾರ್ಬನ್ ಮಾನಾಕ್ಸೈಡ್ ಬರುವುದು ಆ ಸುಡುವುದರಿಂದ. ಇದರಲ್ಲಿ ಸುಡುವುದು ಇಲ್ಲ, ಬಿಸಿಯಾಗಿ ಆವಿಯಾಗುತ್ತದೆ. ಲಾಭ ಇರುವುದು ಅಲ್ಲಿ. ಹಾಗಂತ ಪೂರ್ತಿ ನಿರುಪದ್ರವಿ ಅಲ್ಲ, ನಿಕೋಟಿನ್ ಚಟ ಹಾಗೇ ಉಳಿಯುತ್ತದೆ. ಸಿಗರೇಟ್ ಸೇದದವರು ಇದನ್ನು ಮುಟ್ಟಲೇಬಾರದು. ಸೇದುವವರು ಹಗಲು ಇದು, ಸಂಜೆ ಅದು ಅಂತ ಎರಡನ್ನೂ ಇಟ್ಟುಕೊಂಡರೆ ಆ ಲಾಭ ಕೈಗೆ ಬರುವುದಿಲ್ಲ.

ಕಾನೂನನ್ನೂ ನೋಡಿಕೊಳ್ಳಿ. ಭಾರತದಲ್ಲಿ 2019ರಿಂದ ಮಾರಾಟ, ತಯಾರಿಕೆ, ಆಮದು ಎಲ್ಲ ನಿಷೇಧ. ಸಿಂಗಪುರ, ಥಾಯ್ಲೆಂಡ್‌ನಲ್ಲೂ ನಿಷೇಧ. ನೀವು ಇರುವ ಕಡೆ ಹಾಗಿದ್ದರೆ ಕದ್ದು ತರಿಸಬೇಡಿ, ಪ್ಯಾಚ್ ಗಮ್ ದಾರಿಯೇ ಸರಿ. ದಂಡದ ಮಾತು ಪಕ್ಕಕ್ಕಿರಲಿ, ಕದ್ದು ಮಾರುವ ಲಿಕ್ವಿಡ್‌ನಲ್ಲಿ ಏನಿದೆ ಅಂತ ಯಾರೂ ಪರೀಕ್ಷೆ ಮಾಡಿರುವುದಿಲ್ಲ. 2019ರಲ್ಲಿ ಅಮೆರಿಕದಲ್ಲಿ ಶ್ವಾಸಕೋಶ ಕೆಟ್ಟು ಸಾವಿರಾರು ಜನ ಆಸ್ಪತ್ರೆ ಸೇರಿದರು, ಹೆಚ್ಚಿನವರು ಬಳಸಿದ್ದು ಗಾಂಜಾದ ಅಂಶ ಇರುವ, ವಿಟಮಿನ್ ಇ ಅಸಿಟೇಟ್ ಅನ್ನುವ ಎಣ್ಣೆ ಬೆರೆಸಿದ ಕಳ್ಳ ಮಾಲು. ಅದೇ ಕಾರಣಕ್ಕೆ ಎಣ್ಣೆ ಇರುವ ಯಾವುದನ್ನೂ ನೀವಾಗಿ ತೊಟ್ಟಿಗೆ ಹಾಕಬೇಡಿ.

ಮನೆಯಲ್ಲಿ ಮಕ್ಕಳಿದ್ದರೆ ಲಿಕ್ವಿಡ್ ಬಾಟಲಿ ಬೀಗದೊಳಗೆ. ಹಣ್ಣಿನ ವಾಸನೆ ಬರುತ್ತದೆ, ಮಗು ಕುಡಿದರೆ ಜೀವಕ್ಕೇ ಅಪಾಯ. ಕೈಗೆ ಚೆಲ್ಲಿಕೊಂಡರೆ ಕೂಡಲೇ ಸೋಪು ಹಾಕಿ ತೊಳೆಯಿರಿ, ಚರ್ಮದಿಂದಲೂ ಒಳಗೆ ಹೋಗುತ್ತದೆ.

ಬಿಡಬೇಕೆಂದವನು:

ಇಷ್ಟು ಬಿಡಿಸಿ ಬರೆದಿದ್ದಕ್ಕೆ ಎಲ್ಲರಿಗೂ ಮನಸಾರೆ ಧನ್ಯವಾದ. ರಾತ್ರಿಪಾಳಿ ಮೇಡಂ, ಮೂರು ಸಲವೂ ಯಾವ ಸಹಾಯವೂ ಇರಲಿಲ್ಲ. ಹಟದ ಮೇಲೆ ಬಿಟ್ಟಿದ್ದೆ. ನಾನಿರುವ ಕಡೆ ಕಾನೂನಿನ ತೊಂದರೆ ಇಲ್ಲ. ವೈದ್ಯರನ್ನು ನೋಡಲು ಮುಂದಿನ ವಾರಕ್ಕೆ ಸಮಯ ತಗೊಂಡಿದ್ದೇನೆ, ಅಲ್ಲಿಯವರೆಗೆ ಕಾಯಲು ಆಗದೆ ಪಾಡ್ ತಗೊಂಡುಬಿಟ್ಟೆ. 1.0 ಓಮ್, 20ರ ಸಾಲ್ಟ್, ಪುದೀನ.

ಇವತ್ತಿಗೆ ನಾಲ್ಕನೇ ದಿನ. ಹದಿನೈದಿದ್ದ ಸಿಗರೇಟ್ ನಾಲ್ಕಕ್ಕೆ ಬಂದಿದೆ! ಎದ್ದ ಕೂಡಲೇ ಒಂದು, ಊಟ ಆದಮೇಲೆ ಎರಡು, ರಾತ್ರಿ ಒಂದು. ಬೆಳಗಿನದ್ದನ್ನು ಮಾತ್ರ ಏನು ಮಾಡಿದರೂ ತಡೆಯಲು ಆಗುತ್ತಿಲ್ಲ. ಮತ್ತೆ ನಿನ್ನೆಯಿಂದ ಬಟ್ಟೆ ಸುಟ್ಟ ಹಾಗೆ ರುಚಿ ಬರುತ್ತಿದೆ. ಕಾಯಿಲ್ ಇಷ್ಟು ಬೇಗ ಹೋಯಿತಾ?

ಹಳೇಸೇದುಗ:

ನಾಲ್ಕು ದಿನದಲ್ಲಿ ಹನ್ನೊಂದು ಕಡಿಮೆ ಅಂದರೆ ದೊಡ್ಡದು!

ಆ ರುಚಿ ಹತ್ತಿ ಸುಟ್ಟಿದ್ದು. ಸುಟ್ಟ ಹತ್ತಿ ಮತ್ತೆ ಸರಿಯಾಗುವುದಿಲ್ಲ, ಹೊಸ ಕಾಯಿಲ್ ಹಾಕಿ. ಹೊಸದಕ್ಕೆ ಲಿಕ್ವಿಡ್ ತುಂಬಿಸಿ ಹತ್ತು ನಿಮಿಷ ಮುಟ್ಟಬೇಡಿ, ಹತ್ತಿ ಪೂರ್ತಿ ನೆನೆಯಬೇಕು. ಮೊದಲ ದಿನ ನೀವು ತುಂಬಿಸಿದ ಕೂಡಲೇ ಎಳೆದಿರಬೇಕು, ಎಲ್ಲರೂ ಹಾಗೇ ಮಾಡುತ್ತಾರೆ. ಇನ್ನು ಮೇಲೆ ತೊಟ್ಟಿ ಕಾಲು ಭಾಗಕ್ಕೆ ಇಳಿಯುವ ಮೊದಲೇ ತುಂಬಿಸಿ, ಮತ್ತೆ ಒಂದರ ಹಿಂದೆ ಒಂದು ದಮ್ಮು ಎಳೆಯಬೇಡಿ, ನಡುವೆ ಅರ್ಧ ನಿಮಿಷವಾದರೂ ಬಿಡಿ. ಸಿಗರೇಟಿನ ಹಾಗೆ ಜೋರಾಗಿ, ಚಿಕ್ಕದಾಗಿ ಎಳೆಯುವುದು ಬೇಡ. ಮೆಲ್ಲಗೆ, ಮೂರು ನಾಲ್ಕು ಸೆಕೆಂಡ್. ಬಾಯಿ ಒಣಗಿದರೆ ನೀರು ಕುಡಿಯಿರಿ, ಅದು ಪಿಜಿಯ ಗುಣ.

ರಾತ್ರಿಪಾಳಿ:

ಬೆಳಗಿನದ್ದು ಎಲ್ಲರಿಗೂ ಕಷ್ಟ. ಮೈಯಲ್ಲಿರುವ ನಿಕೋಟಿನ್ ಎರಡು ಗಂಟೆಗೊಮ್ಮೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಏಳೆಂಟು ಗಂಟೆ ಮಲಗಿ ಎದ್ದರೆ ಹೆಚ್ಚುಕಡಿಮೆ ಖಾಲಿ. ಅದು ಮನಸ್ಸಿನ ದೌರ್ಬಲ್ಯ ಅಲ್ಲ, ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ವೈದ್ಯರ ಹತ್ತಿರ ಹೋದಾಗ ಈ ಬೆಳಗಿನ ಮಾತನ್ನೇ ಮೊದಲು ಹೇಳಿ. ರಾತ್ರಿಯೆಲ್ಲ ಇರುವ 24 ಗಂಟೆಯ ಪ್ಯಾಚ್ ಇಂಥದ್ದಕ್ಕೇ ಇರುವುದು. ಪಾಡ್ ಬಳಸುತ್ತಿರುವುದನ್ನೂ ಹೇಳಿ, ಪ್ರಮಾಣ ಅವರು ನೋಡಿ ಹೇಳುತ್ತಾರೆ. ಅಲ್ಲಿಯವರೆಗೆ ರಾತ್ರಿಯೇ ಪಾಡ್ ತುಂಬಿಸಿ ಕೈಗೆ ಸಿಗುವ ಕಡೆ ಇಡಿ, ಸಿಗರೇಟ್ ಪ್ಯಾಕ್ ಮಾತ್ರ ಮನೆಯ ಇನ್ನೊಂದು ಮೂಲೆಗೆ. ಎದ್ದ ಕೂಡಲೇ ಪಾಡ್‌ನಲ್ಲಿ ನಾಲ್ಕೈದು ದಮ್ಮು ಎಳೆದು ಹತ್ತು ನಿಮಿಷ ಕಾಯಿರಿ. ಆಮೇಲೂ ಬೇಕು ಅನಿಸಿದರೆ ನೋಡೋಣ.

20ರಿಂದ ಇಳಿಸುವ ಯೋಚನೆ ಈಗಲೇ ಬೇಡ. ಮೊದಲು ಸಿಗರೇಟ್ ಸೊನ್ನೆ ಆಗಲಿ, ಆ ಸೊನ್ನೆ ಎರಡು ಮೂರು ತಿಂಗಳು ನಿಲ್ಲಲಿ, ಆಮೇಲೆ 10, ಆಮೇಲೆ 5.

ಬಿಡಬೇಕೆಂದವನು:

ಹೊಸ ಕಾಯಿಲ್ ಹಾಕಿ ಹತ್ತು ನಿಮಿಷ ಅಂದಿದ್ದರಲ್ಲ, ನಾನು ಇಪ್ಪತ್ತು ಬಿಟ್ಟೆ. ಸುಟ್ಟ ರುಚಿ ಹೋಗಿದೆ. ಪ್ಯಾಕ್ ಅನ್ನು ಮಹಡಿ ಮೇಲಿನ ಕಪಾಟಿಗೆ ಇಟ್ಟಿದ್ದೆ. ಇವತ್ತು ಬೆಳಗ್ಗೆ ಎದ್ದು ಪಾಡ್ ಎಳೆದು ಕೂತೆ, ಹತ್ತು ನಿಮಿಷ ಕಳೆದಿದ್ದೇ ಗೊತ್ತಾಗಲಿಲ್ಲ, ಮೇಲೆ ಹತ್ತಿ ಹೋಗಲಿಲ್ಲ. ಮೊದಲ ಸಿಗರೇಟ್ ಮಧ್ಯಾಹ್ನ ಊಟ ಆದಮೇಲೆ. ವೈದ್ಯರು ಏನು ಹೇಳಿದರು ಅಂತ ಬುಧವಾರ ಇಲ್ಲೇ ಬರೆಯುತ್ತೇನೆ.