ಗೋಡೆಯೋ ಕೋಟೆಯೋ? ಬರ್ಲಿನ್ ಫಲಕಕ್ಕೆ ಪದ ಬೇಕು (ತುರ್ತು)

ನಮಸ್ಕಾರ. ಸಮಯವಿಲ್ಲ, ಅದಕ್ಕೇ ನೇರವಾಗಿ ಕೇಳುತ್ತೇನೆ. ನವೆಂಬರ್ 9ಕ್ಕೆ ನಮ್ಮ ಕಾಲೇಜಿನಲ್ಲಿ ಬರ್ಲಿನ್ ಕುರಿತ ಚಿತ್ರಪ್ರದರ್ಶನವಿದೆ. ಕನ್ನಡ ಬರಹ ನನ್ನ ಪಾಲಿಗೆ ಬಂದಿದೆ, ನಾಳೆ ಬೆಳಗ್ಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

ತೊಡಕು ಗೋಡೆಯದೇ. 1961ರ ಆಗಸ್ಟ್ 13ರಂದು ಬೆಳಗಾಗುವಷ್ಟರಲ್ಲಿ ಪೂರ್ವ ಜರ್ಮನಿಯ ಸರ್ಕಾರ ಊರಿನ ನಡುವೆ ಮುಳ್ಳುತಂತಿ ಎಳೆಸಿತ್ತು. ಮುಂದೆ ಕಾಂಕ್ರೀಟ್ ಬಂತು. ಜನ ಅದನ್ನು ‘ಮೌವರ್’ ಎಂದರು. ಕಟ್ಟಿಸಿದವರು ‘ಶುಟ್ಸ್‌ವಲ್’ ಎಂದರು (‘ಶುಟ್ಸ್’ ಎಂದರೆ ರಕ್ಷಣೆ), ಅದಕ್ಕೆ ‘ಫ್ಯಾಸಿಸ್ಟ್ ವಿರೋಧಿ’ ಎಂಬ ವಿಶೇಷಣ ಬೇರೆ. ನನ್ನ ಮೂರನೇ ಫಲಕದಲ್ಲಿ ಎರಡೂ ಅಕ್ಕಪಕ್ಕ ಬರುತ್ತವೆ. ಎರಡಕ್ಕೂ ‘ಗೋಡೆ’ ಎಂದರೆ ಆ ಫಲಕ ಇಟ್ಟೂ ಪ್ರಯೋಜನವಿಲ್ಲ. ‘ರಕ್ಷಣಾ ಗೋಡೆ’, ‘ತಡೆಗೋಡೆ’ ಎರಡನ್ನೂ ಬರೆದು ಹೊಡೆದುಹಾಕಿದ್ದೇನೆ.

ಇನ್ನೆರಡು ಉಳಿದಿವೆ. ಪೂರ್ವ, ಪಶ್ಚಿಮ ಬರ್ಲಿನ್ನಿನ ನಡುವೆ ಹೋಗಿಬರುವವರನ್ನು ತಪಾಸಣೆ ಮಾಡುತ್ತಿದ್ದ ‘ಚೆಕ್‌ಪಾಯಿಂಟ್ ಚಾರ್ಲಿ’ಯ ಚೆಕ್‌ಪಾಯಿಂಟಿಗೆ ಏನೆನ್ನಲಿ? ಮತ್ತೆ ‘ಗೈಸ್ಟರ್‌ಬಾನ್‌ಹೋಫ್’. ಪಶ್ಚಿಮದ ಕೆಲವು ಸುರಂಗ ರೈಲುಗಳು ಪೂರ್ವ ಬರ್ಲಿನ್ನಿನ ಅಡಿಯಲ್ಲಿ ಹಾಯುತ್ತಿದ್ದವು, ಅಲ್ಲಿನ ಮುಚ್ಚಿದ ನಿಲ್ದಾಣಗಳಲ್ಲಿ ನಿಲ್ಲುತ್ತಿರಲಿಲ್ಲ. ಇದ್ದಹಾಗೇ ತಂದರೆ ದೆವ್ವದ ನಿಲ್ದಾಣ.

(ತುಮಕೂರಿನಿಂದ)

*

ಚೆಕ್‌ಪಾಯಿಂಟಿಗೆ ಉಕ್ಕಡ. ಊರ ಗಡಿಯಲ್ಲಿ ಕಾವಲು ಕೂತು, ಹೋಗಿಬರುವವರನ್ನು ತಡೆದು ವಿಚಾರಿಸುವ ತಾಣಕ್ಕೆ ಹಿಂದಿನವರು ಇಟ್ಟ ಹೆಸರು. ಶ್ರೀರಂಗಪಟ್ಟಣದ ಹತ್ತಿರ ಆರತಿ ಉಕ್ಕಡ ಇಂದಿಗೂ ಇದೆ. ಶುಟ್ಸ್‌ವಲ್‌ಗೆ ಆಳ್ವೇರಿ. ಆಳು ನಿಂತು ಕಾಯುವ ಏರಿ. ಕೆರೆ ಏರಿಯ ಏರಿಯೇ ಇದು ಎಂದು ನಾನು ನಂಬಿದ್ದೇನೆ. ರಕ್ಷಣೆ, ಪ್ರಾಕಾರ ಎಂದು ಸಂಸ್ಕೃತದ ಬಾಗಿಲು ತಟ್ಟುವ ಮೊದಲು ಮನೆಯಲ್ಲಿ ಏನಿದೆ ನೋಡಿ.

(ಮಂಡ್ಯದಿಂದ)

*

ಉಕ್ಕಡ ಅಂದ್ರ ನಮ್ಮ ಕಡೆ ಹುಡುಗರಿಗೆ ತಿಳಿಯೂದಿಲ್ಲರಿ. ನಾಕಾ ಅಂತ ಬರೀರಿ. ಧಾರವಾಡದಾಗ ಟೋಲ್ ನಾಕಾ ಅಂದ್ರ ರಿಕ್ಷಾದವರು ಮತ್ತೊಂದು ಮಾತು ಕೇಳದ ಕರಕೊಂಡು ಹೋಗ್ತಾರ. ಇನ್ನ ಆಳ್ವೇರಿ ಅಂತ ಫ್ಲೆಕ್ಸಿನ ಮ್ಯಾಲೆ ಹಾಕಿದ್ರ ಅದು ಯಾವುದೋ ಊರು ಅಂದ್ಕೋತಾರ.

(ಧಾರವಾಡದಿಂದ)

*

ನಾಕಾ ಕನ್ನಡವಲ್ಲ.

(ಮಂಡ್ಯದಿಂದ)

*

ಇಬ್ಬರೂ ಪದದ ಹುಟ್ಟಿಗೆ ಗಂಟುಬಿದ್ದು, ಅದನ್ನು ಆಡಿದ ಬಾಯಿ ಯಾವುದೆಂದು ಕೇಳುತ್ತಿಲ್ಲ. ನಾನು ಬರ್ಲಿನ್ನಿನಲ್ಲಿ ಮೂರು ವರ್ಷ ಓದಿದವಳು, ಈ ಪದಗಳ ಬಗ್ಗೆ ನನಗೆ ಕಾಳಜಿಯಿದೆ.

ಜರ್ಮನ್ನಿನಲ್ಲಿ ಮನೆಯೊಳಗಿನ ಗೋಡೆ ‘ವಂಟ್’. ಹೆಣೆಯುವುದು, ಸುತ್ತುವುದು ಎಂಬ ಮೂಲದ್ದು, ನಮ್ಮ ತಡಿಕೆಯ ಹಾಗೆ. ಕಲ್ಲು ಇಟ್ಟಿಗೆಯಲ್ಲಿ ಕಟ್ಟಿ ನಿಲ್ಲಿಸಿದ್ದು ‘ಮೌವರ್’. ‘ವಲ್’ ಎಂದರೆ ಒಡ್ಡು, ಕೋಟೆಯ ಮಣ್ಣದಿಬ್ಬ. ಹಗೆ ಹೊರಗಿದ್ದಾನೆ ಎಂಬ ಭಾವ ಆ ಪದದಲ್ಲೇ ಕೂತಿದೆ, ಸರ್ಕಾರ ಅದನ್ನು ಆರಿಸಿದ್ದೂ ಅದಕ್ಕೇ. ನಡೆದದ್ದು ತಿರುಗುಮುರುಗು. 1949ರಿಂದ 1961ರೊಳಗೆ 25 ಲಕ್ಷಕ್ಕೂ ಹೆಚ್ಚು ಜನ ಪೂರ್ವ ಜರ್ಮನಿ ಬಿಟ್ಟು ಹೋಗಿದ್ದರು. ಉಳಿದವರು ಹೋಗಬಾರದೆಂದು ಕಟ್ಟಿದ್ದು ಅದು. ಅಲ್ಲಿ ಪ್ರಾಣ ಕಳೆದುಕೊಂಡವರು ಕನಿಷ್ಠ 140 ಮಂದಿ, ಹೆಚ್ಚಿನವರು ಪೂರ್ವದಿಂದ ದಾಟಲು ಹೊರಟವರು.

1961ರ ಜೂನ್ 15ರಂದು ಪೂರ್ವ ಜರ್ಮನಿಯ ನಾಯಕ ವಾಲ್ಟರ್ ಉಲ್ಬ್ರಿಷ್ಟ್ ‘ಗೋಡೆ ಕಟ್ಟುವ ಉದ್ದೇಶ ಯಾರಿಗೂ ಇಲ್ಲ’ ಎಂದಾಗ ಬಳಸಿದ್ದು ಮೌವರ್ ಎಂಬ ಮಾತನ್ನೇ. ಎರಡು ತಿಂಗಳಲ್ಲಿ ಗೋಡೆ ಬಂತು, ಸರ್ಕಾರಕ್ಕೆ ಆ ಪದ ಬೇಡವಾಯಿತು. ಆದ್ದರಿಂದ ಜನರ ಮಾತಿಗೆ ‘ಗೋಡೆ’ ಇರಲಿ, ಸರ್ಕಾರದ ಮಾತಿಗೆ ‘ರಕ್ಷಣಾ ಕೋಟೆ’. ಓದುವವರಿಗೆ ಎರಡರ ನಡುವಿನ ಅಂತರ ತಟ್ಟಬೇಕು. ಆಳ್ವೇರಿ ಅರ್ಥದಲ್ಲಿ ಸರಿಯೇ ಇದೆ, ಆದರೆ ಸರ್ಕಾರಿ ಘೋಷಣೆಯ ದನಿ ಅದಕ್ಕಿಲ್ಲ.

ಇನ್ನು ಚೆಕ್‌ಪಾಯಿಂಟ್. ಎರಡನೇ ಮಹಾಯುದ್ಧದಲ್ಲಿ ಗೆದ್ದ ನಾಲ್ಕು ದೇಶಗಳ ಸೇನೆಗಳು ಹಂಚಿಕೊಂಡರೂ ಬರ್ಲಿನ್ ಒಂದೇ ಊರು, ಅದರೊಳಗೆ ದೇಶದ ಗಡಿ ಇಲ್ಲ ಎಂಬುದು ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳ ಪಟ್ಟು. ಅದಕ್ಕೇ ಬರಿಯ ಚೆಕ್‌ಪಾಯಿಂಟ್. ಚಾರ್ಲಿ ಮನುಷ್ಯನಲ್ಲ, ಸೇನೆಯವರು ಸಿ ಅಕ್ಷರಕ್ಕೆ ಹೇಳುವ ಹೆಸರು. ಎ ಹೆಲ್ಮ್‌ಸ್ಟೆಟ್‌ನಲ್ಲಿತ್ತು, ಬಿ ಡ್ರೈಲಿಂಡನ್‌ನಲ್ಲಿ. ಪೂರ್ವದವರು ಅದೇ ಜಾಗಕ್ಕೆ ‘ಗಡಿ ದಾಟುವ ಠಾಣೆ’ ಎಂಬರ್ಥದ ಹೆಸರಿಟ್ಟರು. ಗಡಿಠಾಣೆ ಎಂದು ಬರೆದರೆ ನೀವು ಅವರ ಪಕ್ಷ ವಹಿಸಿದ ಹಾಗೆ. ಊರ ಗಡಿಯ ಅರ್ಥ ಹೊತ್ತ ಉಕ್ಕಡಕ್ಕೂ ಅದೇ ತೊಡಕು. ಚೆಕ್‌ಪೋಸ್ಟ್ ಎನ್ನಿ, ಬಸ್ಸಿನಲ್ಲಿ ಓಡಾಡುವ ಪ್ರತಿಯೊಬ್ಬರಿಗೂ ಗೊತ್ತು.

ಅಂದಹಾಗೆ ಮೌವರ್ ಲ್ಯಾಟಿನ್ನಿನ ಎರವಲು, ವಲ್ ಕೂಡ. ಕಿಟಕಿಗೆ ಅವರು ಹೇಳುವ ‘ಫೆನ್‌ಸ್ಟರ್’ ಸಹ ಅಲ್ಲಿಂದಲೇ ಬಂದದ್ದು. ಕಲ್ಲಿನ ಮನೆ ಕಟ್ಟುವುದನ್ನು ರೋಮನ್ನರಿಂದ ಕಲಿತರು, ಕಸುಬಿನ ಜೊತೆ ಮಾತೂ ಬಂತು.

(ಮೈಸೂರಿನಿಂದ)

*

ದೆವ್ವ, ಭೂತ ಎರಡೂ ಬೇಡ. ನಮ್ಮಲ್ಲಿ ಭೂತವೆಂದರೆ ಕೋಲ ಕೊಟ್ಟು ಕೈಮುಗಿಯುವ ದೈವ. ಪಾಳು ನಿಲ್ದಾಣ ಎನ್ನೋಣವೆಂದರೆ ಅವು ಪಾಳು ಬಿದ್ದಿರಲಿಲ್ಲ, ಮಂದ ಬೆಳಕಿನಲ್ಲಿ ಕಾವಲಿನವರು ನಿಂತಿರುತ್ತಿದ್ದರು, ರೈಲು ನಿಧಾನಿಸಿ ಸಾಗುತ್ತಿತ್ತು. ‘ರೈಲು ನಿಲ್ಲದ ನಿಲ್ದಾಣ’ ಎಂದು ಬರೆದು ನೋಡಿ. ಗೋಡೆಗೆ ನಮ್ಮ ಪಾಗಾರವನ್ನೂ ಯಾರಾದರೂ ಯೋಚಿಸಬಹುದಿತ್ತು. ತಮ್ಮ ಹಿತ್ತಲಿಗೆ ತಾವೇ ಹಾಕಿಕೊಳ್ಳುವುದು ಪಾಗಾರ, ಹಾಗಾಗಿ ಇಲ್ಲಿ ಹೊಂದದು, ಅಷ್ಟೆ.

(ಉಡುಪಿಯಿಂದ)

*

ನಿಲ್ದಾಣದ ‘ದಾಣ’ ತಾಣ. ತಾಣ ಸ್ಥಾನದ ತದ್ಭವ. ನಿಲುಗಡೆ ಎಂಬ ಅಚ್ಚಗನ್ನಡ ಇರುವಾಗ ಈ ಬೆರಕೆ ಯಾಕೆ? ಪಾಗಾರವೂ ಪ್ರಾಕಾರದಿಂದ ಬಂದದ್ದು. ಎರವಲು ತರುತ್ತ ಹೋದರೆ ಕೊನೆಗೆ ನಮ್ಮದೆಂದು ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ಇದು ನನಗೆ ನಿಜವಾಗಿಯೂ ನೋವಿನ ವಿಷಯ.

(ಮಂಡ್ಯದಿಂದ)

*

ನೋವು ಅರ್ಥವಾಗುತ್ತದೆ ಸಾರ್. ಆದರೆ ಉಕ್ಕಡವನ್ನು ವಿವರಿಸುವಾಗ ‘ತಾಣ’ ಎಂದು ಬರೆದವರು ನೀವೇ. ಅದು ತಪ್ಪಲ್ಲ, ಸಾವಿರ ವರ್ಷ ಬಾಯಲ್ಲಿ ಸವೆದು ನಮ್ಮದೇ ಆಗಿದೆ.

ಪೂರ್ವ ಬರ್ಲಿನ್ನಿನಲ್ಲಿ ಸುಟ್ಟ ಕೋಳಿಗೆ ಏನೆನ್ನುತ್ತಿದ್ದರು ಗೊತ್ತೇ? ‘ಬ್ರೋಯ್ಲರ್’. ನಮ್ಮ ಕೋಳಿ ಅಂಗಡಿಯ ಬೋರ್ಡಿನ ಅದೇ ಬ್ರಾಯ್ಲರ್. ಅಮೆರಿಕವನ್ನು ಪತ್ರಿಕೆಯಲ್ಲಿ ದಿನಾ ಬೈಯುತ್ತಿದ್ದ ನಾಡು ಊಟದ ಮೇಜಿಗೆ ಇಂಗ್ಲಿಷ್ ಮಾತು ತಂದುಕೊಂಡಿತ್ತು. ಅಮೆರಿಕದ ಸೇನೆ ಬೀಡುಬಿಟ್ಟಿದ್ದ ಪಶ್ಚಿಮದಲ್ಲಿ ಅದೇ ಕೋಳಿಗೆ ಅಚ್ಚ ಜರ್ಮನ್ ಹೆಸರು, ‘ಬ್ರಾಟ್‌ಹೆನ್‌ಶೆನ್’. ಬಾಹ್ಯಾಕಾಶಕ್ಕೆ ಹೋದವನು ಪೂರ್ವದಲ್ಲಿ ಕಾಸ್ಮೊನಾಟ್, ಪಶ್ಚಿಮದಲ್ಲಿ ಆಸ್ಟ್ರೊನಾಟ್. ಎರವಲು ಎರಡೂ ಕಡೆ ಇತ್ತು.

(ಮೈಸೂರಿನಿಂದ)

*

ಕೋಳಿಯ ಮಾತಿಗೂ ಉಕ್ಕಡಕ್ಕೂ ಸಂಬಂಧವಿಲ್ಲ. ನನ್ನ ಅಭಿಪ್ರಾಯ ಹೇಳಿಯಾಗಿದೆ.

(ಮಂಡ್ಯದಿಂದ)

*

ಎಲ್ಲರಿಗೂ ಋಣಿ. ಗೋಡೆ, ‘ರಕ್ಷಣಾ ಕೋಟೆ’, ಚೆಕ್‌ಪೋಸ್ಟ್, ರೈಲು ನಿಲ್ಲದ ನಿಲ್ದಾಣ. ಉಕ್ಕಡವನ್ನು ನನ್ನ ಪಟ್ಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ, ಮೈಸೂರು ಸೀಮೆಯ ಇತಿಹಾಸದ ಫಲಕ ಬಂದಾಗ ಖಂಡಿತ ಹಾಕುತ್ತೇನೆ. ಕೊನೆಯದೊಂದು: ‘ಪಶ್ಚಿಮ ಬರ್ಲಿನ್’ ಬಿಡಿಸಿ ಬರೆಯಲೋ, ಸಮಾಸವೆಂದು ಕೂಡಿಸಲೋ?

(ತುಮಕೂರಿನಿಂದ)

*

ಬಿಡಿಸಿ. ಕೂಡಿಸಿ ‘ವೆಸ್ಟ್‌ಬರ್ಲಿನ್’ ಎಂದು ಒಂದೇ ಪದವಾಗಿ ಬರೆಯುತ್ತಿದ್ದವರು ಪೂರ್ವದವರು. ಅದು ಬರ್ಲಿನ್ನಿನ ಭಾಗವಲ್ಲ, ಬೇರೆಯೇ ಒಂದು ಊರು ಎಂದು ತೋರಿಸಲು. ತಮ್ಮ ಅರ್ಧವನ್ನು ಅವರು ಬರಿ ‘ಬರ್ಲಿನ್’ ಎಂದೇ ಬರೆದು ಪಕ್ಕದಲ್ಲಿ ರಾಜಧಾನಿ ಎನ್ನುತ್ತಿದ್ದರು. ಪಶ್ಚಿಮದ ಕಚೇರಿಗಳು ಮೊದಲು ಬರ್ಲಿನ್ ಎಂದು ಬರೆದು, ಆಮೇಲೆ ಕಂಸದೊಳಗೆ ‘ವೆಸ್ಟ್’ ಹಾಕುತ್ತಿದ್ದವು. ನಡುವೆ ಒಂದು ಅಕ್ಷರದಷ್ಟು ಜಾಗ ಬಿಡಿಸಿ, ಫ್ಲೆಕ್ಸಿನವರು ಅಂಟಿಸಿಬಿಡುತ್ತಾರೆ. ಕರಡಚ್ಚನ್ನು ನೀವೇ ನಿಂತು ನೋಡಿ.

(ಮೈಸೂರಿನಿಂದ)